ಬೋರ್ಡಿನ ಮೇಲಿನ ಆ ಲೆಕ್ಕ

ನಮ್ಮ ಬಿ.ಎ. ಪಠ್ಯದಲ್ಲಿ, ಬಂಗಾಳದಲ್ಲಿ ಹುಟ್ಟಿದ ಧಾರ್ಮಿಕ, ಸಾಮಾಜಿಕ ಸುಧಾರಣೆಯ ಸಂಘಟನೆಯಾದ ಬ್ರಹ್ಮ ಸಮಾಜಕ್ಕೆ ಸಿಕ್ಕಿದ್ದು ಒಂದೂವರೆ ಪುಟ. ರಾಜಾ ರಾಮಮೋಹನ ರಾಯ್, 1828, ಸತಿ ಪದ್ಧತಿಯ ವಿರೋಧ. ಐದು ಅಂಕದ ಪ್ರಶ್ನೆಗೆ ಅಷ್ಟು ಸಾಕಿತ್ತು. ಇತಿಹಾಸದ ಸರ್‌ಗೆ ಮಾತ್ರ ಸಾಕಾಗಲಿಲ್ಲ. ವಾರವಿಡೀ ಅದನ್ನೇ ಪಾಠ ಮಾಡಿದರು. ಪೋರ್ಷನ್ ಮುಗಿಯೋದಿಲ್ಲ ಅಂತ ನಾವು ಗೊಣಗಿದೆವು.

ಮೊದಲ ದಿನ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ದುಡಿಮೆ = ಬೆಳೆ. ದುಡಿಮೆ + ಪ್ರಾರ್ಥನೆ = ಬೆಳೆ. ಹಾಗಾದರೆ, ಪ್ರಾರ್ಥನೆ = 0. ಇದು ಯಾರೋ ನಾಸ್ತಿಕರ ಮಾತಲ್ಲ. ಬ್ರಹ್ಮ ಸಮಾಜದ ಒಳಗೇ ಇದ್ದು, 'ತತ್ತ್ವಬೋಧಿನಿ' ಪತ್ರಿಕೆಯ ಸಂಪಾದಕರಾಗಿದ್ದ ಅಕ್ಷಯ ಕುಮಾರ ದತ್ತರ ಲೆಕ್ಕ. ಕ್ಲಾಸಿನಲ್ಲಿ ಗುಸುಗುಸು ಶುರುವಾಯಿತು. ದಿನಾ ದೇವಸ್ಥಾನಕ್ಕೆ ಹೋಗಿಯೇ ಕಾಲೇಜಿಗೆ ಬರುತ್ತಿದ್ದ ಗೆಳತಿಯೊಬ್ಬಳು ಎದ್ದು, "ಮತ್ತೆ ಪ್ರಾರ್ಥನೆ ಯಾಕೆ ಮಾಡ್ಬೇಕು ಸರ್?" ಎಂದು ಕೇಳಿದಳು.

"ದೇವೇಂದ್ರನಾಥ ಠಾಕೂರರಿಗೂ ಇದೇ ಚಿಂತೆ ಹತ್ತಿತ್ತಮ್ಮ, ಕೂತ್ಕೋ" ಅಂದರು ಸರ್.

ಆಗ ಸಮಾಜವನ್ನು ಮುನ್ನಡೆಸುತ್ತಿದ್ದ ದೇವೇಂದ್ರನಾಥರು ಧ್ಯಾನ, ಪ್ರಾರ್ಥನೆಗಳಲ್ಲೇ ಬದುಕಿದವರು. ಆದರೂ ದತ್ತರ ವಾದಕ್ಕೆ ಬೆನ್ನು ತಿರುಗಿಸಲಿಲ್ಲ. ವೇದದಲ್ಲಿರುವುದೆಲ್ಲ ನಿಜವೇ ಎಂಬ ಪ್ರಶ್ನೆಯೂ ಎದ್ದಾಗ, ವೇದಗಳನ್ನು ಓದಿ ಬನ್ನಿ ಎಂದು ನಾಲ್ವರು ಯುವಕರನ್ನು ಕಾಶಿಗೆ ಕಳಿಸಿದರು. ಚರ್ಚೆ ವರ್ಷಗಟ್ಟಲೆ ನಡೆಯಿತು. 1850ರ ಹೊತ್ತಿಗೆ, ವೇದದಲ್ಲಿರುವುದೆಲ್ಲ ಪ್ರಶ್ನಾತೀತ ಎಂಬ ನಂಬಿಕೆಯನ್ನು ಸಮಾಜ ಕೈಬಿಟ್ಟಿತು. ಉಪನಿಷತ್ತುಗಳಲ್ಲಿ ಮನಸ್ಸಿಗೂ ಬುದ್ಧಿಗೂ ಒಪ್ಪಿದ್ದನ್ನು ಉಳಿಸಿಕೊಂಡಿತು. ಪ್ರಾರ್ಥನೆಯೂ ಉಳಿಯಿತು. ನನಗೆ ಇವತ್ತಿಗೂ ದೊಡ್ಡದಾಗಿ ಕಾಣುವುದು ಇದೇ. ಹೊರಗಿನವರು ಬಂದು ಕೆಡವಿದ್ದಲ್ಲ. ಪ್ರೀತಿಸಿದವರೇ ಕೂತು, ಓದಿ, ನೋವು ತಿಂದು ಬಿಟ್ಟುಕೊಟ್ಟಿದ್ದು. ಇದಕ್ಕೆ ಎಷ್ಟು ಧೈರ್ಯ ಬೇಕು, ಅಲ್ವಾ? ಮುಂದೆ ಜಗದೀಶ ಚಂದ್ರ ಬೋಸ್, ಪ್ರಫುಲ್ಲ ಚಂದ್ರ ರಾಯ್ ಅವರಂಥ ವಿಜ್ಞಾನಿಗಳು ಈ ಬಳಗದಿಂದಲೇ ಬಂದರು.

ಸಮಾಜದ ಕೊರತೆಗಳನ್ನೂ ಸರ್ ಮುಚ್ಚಿಡಲಿಲ್ಲ. ಸಮಾಜದ ಇನ್ನೊಬ್ಬ ಮುಂದಾಳು ಕೇಶವ ಚಂದ್ರ ಸೇನರ ಪ್ರಯತ್ನದಿಂದ 1872ರಲ್ಲಿ ಮದುವೆ ಕಾನೂನು ಬಂತು. ಹುಡುಗಿಗೆ 14, ಹುಡುಗನಿಗೆ 18 ತುಂಬಿರಬೇಕು. ಜಾತಿ ಅಡ್ಡಿಯಾಗಬಾರದು. 1878ರಲ್ಲಿ ಅದೇ ಸೇನರು, ಇನ್ನೂ 14 ತುಂಬದ ತಮ್ಮ ಮಗಳನ್ನು ಕೂಚ್ ಬಿಹಾರದ ರಾಜನಿಗೆ ಕೊಟ್ಟರು. ಜೊತೆಗಿದ್ದವರು ಸುಮ್ನೆ ಕೂರಲಿಲ್ಲ. ಬೇರೆಯಾಗಿ ಸಾಧಾರಣ ಬ್ರಹ್ಮ ಸಮಾಜ ಕಟ್ಟಿದರು. ಅವರು ಮಾಡಿದ್ದೇ ಸರಿ ಎಂದು ನಾನು ಆಗಲೂ ವಾದಿಸಿದ್ದೆ, ಈಗಲೂ ಅದೇ ಹೇಳುತ್ತೇನೆ.

ಕೊನೆಯ ದಿನ ಪಾಠ ಕಲ್ಕತ್ತೆಯಿಂದ ನಮ್ಮ ಮಂಗಳೂರಿಗೆ ಬಂತು. ಉಳ್ಳಾಲ ರಘುನಾಥಯ್ಯನವರು 1870ರಲ್ಲೇ ಇಲ್ಲಿ ಸಮಾಜ ಶುರು ಮಾಡಿದ್ದರು ಎಂದು ಕೇಳಿ ಬೆರಗಾದೆವು. ಪುರಭವನದ ಬೋರ್ಡಿನಲ್ಲಿ ಮಾತ್ರ ಓದಿದ್ದ ಕುದ್ಮುಲ್ ರಂಗರಾಯರ ಹೆಸರು ಅವತ್ತು ಒಬ್ಬ ಮನುಷ್ಯನಾಯಿತು. ವಕೀಲರು, ಬ್ರಾಹ್ಮಣರು. ಸಮಾಜ ಸೇರಿ, ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಅವರು ಹಿಂದೆ ಸರಿಯಲಿಲ್ಲ, 1897ರಲ್ಲಿ ದಲಿತರ ಏಳಿಗೆಗಾಗಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ವಿಧವೆಯಾದ ಮಗಳು ರಾಧಾಬಾಯಿಗೆ 1912ರಲ್ಲಿ ಬೇರೆ ಜಾತಿಯ ಸುಬ್ಬರಾಯನ್ ಅವರೊಂದಿಗೆ ಮರುಮದುವೆ ಮಾಡಿಸಿದರು. ತಮ್ಮ ಶಾಲೆಯಲ್ಲಿ ಓದಿದ ಮಕ್ಕಳು ಮುಂದೆ ದೊಡ್ಡ ಕೆಲಸಕ್ಕೆ ಸೇರಿ ಊರ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕ ಎನ್ನುವುದು ಅವರ ಆಸೆಯಾಗಿತ್ತು. ಇದನ್ನು ಹೇಳುವಾಗ ಸರ್ ದನಿ ನಡುಗಿತ್ತು.

ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ಒಂದು ಕೋರಿಕೆ. ರಾಯರ ಸಮಾಧಿ ನಮ್ಮೂರಲ್ಲೇ ಇದೆ, ಒಮ್ಮೆ ಹೋಗಿ ಬನ್ನಿ. ಅವರ ಶಾಲೆಗಳಲ್ಲಿ ಕಲಿತವರ ಮಕ್ಕಳು, ಮೊಮ್ಮಕ್ಕಳು ಸಿಕ್ಕರೆ ಕೂತು ಮಾತಾಡಿಸಿ. ಅವರು ಹೇಳಿದ್ದನ್ನು ಬರೆದುಕೊಂಡು ಬಂದು ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಕೊಡಿ.