ಇಬ್ಬರೇ ಅಂಪೈರ್‌ಗಳ ಪಂದ್ಯ: ಈ ಋತುವಿನ ಅಭ್ಯಾಸದ ಟಿಪ್ಪಣಿಗಳು

ಹವ್ಯಾಸಿ ಬೇಸ್‌ಬಾಲ್‌ನಲ್ಲಿ ಅಂಪೈರ್ ಕೆಲಸವನ್ನು ಈ ಋತುವಿನಲ್ಲಿ ಕ್ರಮಬದ್ಧವಾಗಿ ಕಲಿಯಬೇಕೆಂದು ಹೊರಟವನು ನಾನು. ಪಂದ್ಯ ಮುಗಿದ ಮೇಲೆ ಗೀಚಿಕೊಂಡದ್ದನ್ನು ಒಂದೆಡೆ ಸೇರಿಸುತ್ತಿದ್ದೇನೆ. ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗ್ ಆದ ಮೇಜರ್ ಲೀಗ್‌ನ ಪಂದ್ಯದಲ್ಲಿ ನಾಲ್ವರು ಅಂಪೈರ್‌ಗಳಿರುತ್ತಾರೆ. ಒಬ್ಬೊಬ್ಬರಿಗೂ ಒಂದೊಂದು ಬೇಸ್, ಅಂದರೆ ಓಟಗಾರರು ಸುತ್ತಬೇಕಾದ ನಾಲ್ಕು ಠಾಣೆಗಳಲ್ಲಿ ಒಂದು. ನಮ್ಮಲ್ಲಿ ಇಬ್ಬರು, ಕೆಲವೊಮ್ಮೆ ಒಬ್ಬರೇ. ಬೇಸ್‌ಗಳು ಮಾತ್ರ ಅಷ್ಟೇ ಇರುತ್ತವೆ, ಅವುಗಳ ನಡುವಿನ 90 ಅಡಿಯೂ ಕಡಿಮೆಯಾಗುವುದಿಲ್ಲ. ಈ ಕೆಲಸದ ನಿಜವಾದ ಭಾರ ಇರುವುದು ಇಲ್ಲಿ ಎಂಬುದು ವಾರ ಕಳೆದಂತೆ ನನಗೆ ಹೆಚ್ಚು ಹೆಚ್ಚು ಸ್ಪಷ್ಟವಾಗುತ್ತಿದೆ.

ಋತುವಿನ ಆರಂಭ: ಕೂರುವುದು, ಏಳುವುದು

ಮೊದಲು ಕೈಗೆತ್ತಿಕೊಂಡದ್ದು ಹೋಮ್ ಪ್ಲೇಟ್‌ನ (ಬ್ಯಾಟರ್ ಪಕ್ಕದಲ್ಲಿ ನಿಂತು ಆಡುವ ಬೇಸ್) ಹಿಂದಿನ ನಿಲುವನ್ನು. ಏಳು ಇನ್ನಿಂಗ್ಸ್‌ನ ಪಂದ್ಯದಲ್ಲಿ ಎರಡೂ ತಂಡಗಳ ಪಿಚ್‌ಗಳು, ಅಂದರೆ ಪಿಚರ್ ಬ್ಯಾಟರ್‌ನತ್ತ ಎಸೆಯುವ ಎಸೆತಗಳು, ಸೇರಿದರೆ ಸಾಮಾನ್ಯವಾಗಿ 200 ದಾಟುತ್ತವೆ. ಅಂದರೆ ಮಾಸ್ಕ್, ಎದೆಕವಚ, ಮೊಣಕಾಲಿನ ಕವಚ, ಉಕ್ಕಿನ ಮೂತಿಯ ಶೂ, ಸೊಂಟದಲ್ಲಿ ಚೆಂಡಿನ ಚೀಲ ಇಷ್ಟನ್ನೂ ಹೊತ್ತು ಅಷ್ಟು ಸಲ ಬಾಗಿ ಏಳಬೇಕು. ಒಂದೇ ದಿನ ಎರಡು ಪಂದ್ಯಗಳಿದ್ದರೆ ನಾನೂ ಜೊತೆಗಾರರೂ ಪ್ಲೇಟ್ ಮತ್ತು ಬೇಸ್‌ಗಳನ್ನು ಅದಲುಬದಲು ಮಾಡಿಕೊಳ್ಳುತ್ತೇವೆ. ಹಾಗೆ ಮಾಡದಿದ್ದರೆ ಎರಡನೇ ಪಂದ್ಯದ ಕೊನೆಯ ಇನ್ನಿಂಗ್ಸ್‌ನಲ್ಲಿ ತೊಡೆಗಳು ಸೋತು ತಲೆ ತಾನಾಗಿ ಕೆಳಗಿಳಿಯುತ್ತದೆ. ತಲೆಯ ಎತ್ತರ ಬದಲಾದರೆ ಸ್ಟ್ರೈಕ್ ಝೋನ್ (ಪ್ಲೇಟ್‌ನ ಮೇಲೆ, ಬ್ಯಾಟರ್‌ನ ಎದೆಯಿಂದ ಮೊಣಕಾಲಿನವರೆಗಿನ ಜಾಗ; ಇದರ ಮೂಲಕ ಬಂದ ಚೆಂಡು ಸ್ಟ್ರೈಕ್, ಅಂದರೆ ಬ್ಯಾಟರ್‌ಗೆ ವಿರುದ್ಧದ ಎಣಿಕೆ) ಬದಲಾದಂತೆಯೇ. ದಣಿವಿನಿಂದ ತೊಂದರೆಯಾಗುವುದು ಅಂಪೈರ್‌ಗೆ ಮಾತ್ರವಲ್ಲ, ಮೊದಲ ಇನ್ನಿಂಗ್ಸ್‌ನ ಬ್ಯಾಟರ್‌ಗೂ ಏಳನೆಯದರ ಬ್ಯಾಟರ್‌ಗೂ ಬೇರೆ ಬೇರೆ ನ್ಯಾಯ ಸಿಕ್ಕಿಬಿಡುತ್ತದೆ. ಆದ್ದರಿಂದ ಕಾಲುಗಳ ವ್ಯಾಯಾಮವನ್ನು ನಿಯಮಪುಸ್ತಕದ ಓದಿನಷ್ಟೇ ಗಂಭೀರವಾಗಿ ತೆಗೆದುಕೊಂಡಿದ್ದೇನೆ.

ಬ್ಯಾಟರ್ ಮತ್ತು ಪ್ಲೇಟ್‌ನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ನಡುವಿನ ಸಂದಿಯಲ್ಲಿ, ಗಲ್ಲ ಸ್ಟ್ರೈಕ್ ಝೋನ್‌ನ ಮೇಲಂಚಿನ ಮಟ್ಟಕ್ಕೆ ಬರುವಂತೆ ನಿಲ್ಲುತ್ತೇನೆ. ಕ್ಯಾಚರ್ ಬ್ಯಾಟರ್‌ನ ಕಡೆಗೆ ಸರಿದಾಗ ಈ ಸಂದಿ ಮುಚ್ಚಿಹೋಗುತ್ತದೆ. ಆಗ ಪಕ್ಕಕ್ಕೆ ವಾಲುವ ಆಸೆಯಾಗುತ್ತದೆ. ಆದರೆ ವಾಲುವುದಕ್ಕಿಂತ ಸ್ವಲ್ಪ ಮೇಲಕ್ಕೆ ಏಳುವುದೇ ಸರಿ. ಪ್ಲೇಟ್‌ನ 17 ಇಂಚು ಅಗಲವೂ ಕಣ್ಣಿಗೆ ಉಳಿಯುತ್ತದೆ. ಈಗ ಇದು ಯೋಚಿಸದೆಯೇ ಆಗುತ್ತಿದೆ. ಪಿಚ್‌ಗಳ ನಡುವೆ ಪೂರ್ತಿ ಎದ್ದು ನಿಂತು, ಒಂದು ಹೆಜ್ಜೆ ಹಿಂದಿಟ್ಟು, ಪಿಚರ್ ಎಸೆತಕ್ಕೆ ಅಣಿಯಾದಾಗ ಮಾತ್ರ ಮತ್ತೆ ಬಾಗುವ ಅಭ್ಯಾಸವೂ ಕೂಡಿಬಂದಿದೆ.

ಎರಡನೇ ಹಂತ: ತಡವಾಗಿ ಹೇಳುವುದು

ಕ್ರಿಕೆಟ್‌ನಲ್ಲಿ ಆಟಗಾರರು ಮನವಿ ಮಾಡದಿದ್ದರೆ ಅಂಪೈರ್ ಔಟ್ ಕೊಡುವಂತಿಲ್ಲ. ಇಲ್ಲಿ ಬ್ಯಾಟರ್ ಬೀಸದೆ ಬಿಟ್ಟ ಪ್ರತಿ ಚೆಂಡಿಗೂ ಯಾರೂ ಕೇಳದೆಯೇ ತೀರ್ಪು ಕೊಡಬೇಕು. ಗಂಟೆಗೆ 80 ಮೈಲಿ ವೇಗದ ಚೆಂಡು ಪಿಚರ್‌ನ ಕೈಬಿಟ್ಟು ಸುಮಾರು ಅರ್ಧ ಸೆಕೆಂಡಿನಲ್ಲಿ ಪ್ಲೇಟ್ ತಲುಪುತ್ತದೆ. ಅಷ್ಟರಲ್ಲಿ ನಿರ್ಧರಿಸಬೇಕೆಂದು ಹೊರಗಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಅರ್ಧ ಸೆಕೆಂಡು ನೋಡುವುದಕ್ಕೆ. ನಿರ್ಧಾರ ಅದರ ನಂತರದ್ದು. ಕತ್ತನ್ನು ಅಲುಗಿಸದೆ ಕಣ್ಣುಗಳಿಂದಷ್ಟೇ ಚೆಂಡನ್ನು ಗ್ಲೌಸ್‌ವರೆಗೆ ಹಿಂಬಾಲಿಸಿ, ಅದು ಬಂದ ದಾರಿಯನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ, ಆಮೇಲೆ ಬಾಯಿ ತೆರೆಯಬೇಕು. ತಿರುವಿನ ಚೆಂಡುಗಳಲ್ಲಿ ಈ ಕ್ಷಣದ ವಿರಾಮ ಇಲ್ಲದೆ ಆಗುವುದೇ ಇಲ್ಲ. ಪ್ಲೇಟ್‌ನ ಆಚೆ ಬಿದ್ದಂತೆ ಕಂಡದ್ದು ಪ್ಲೇಟ್‌ನ ಅಂಚನ್ನು ಸವರಿಕೊಂಡು ಬಂದಿರುತ್ತದೆ. ಗ್ಲೌಸ್ ಎಲ್ಲಿ ನಿಂತಿತು ಎಂಬುದನ್ನು ನೋಡಿ ತೀರ್ಪು ಕೊಟ್ಟರೆ ಪಿಚರ್‌ಗೆ ಅನ್ಯಾಯ.

ಬೇಸ್‌ನಲ್ಲೂ ಇದೇ ಮಾತು. ಮೊದಲ ಬೇಸ್‌ನ ಸಾಮಾನ್ಯ ಔಟ್-ಸೇಫ್ ತೀರ್ಪಿಗೆ (ಬೇಸ್‌ಗೆ ಚೆಂಡು ಮೊದಲು ಬಂತೋ, ಓಟಗಾರನ ಕಾಲೋ) ಹತ್ತಿರ ಹೋಗುವುದಕ್ಕಿಂತ ಸರಿಯಾದ ಕೋನ ಮುಖ್ಯ. ಎಸೆತದ ದಾರಿಗೆ ಲಂಬವಾಗಿ, ಹದಿನೈದು ಅಡಿಗೂ ತುಸು ದೂರದಲ್ಲಿ ನಿಂತು, ಕಣ್ಣನ್ನು ಬೇಸ್ ಮತ್ತು ಕಾಲಿನ ಮೇಲಿಟ್ಟು, ಚೆಂಡು ಗ್ಲೌಸ್‌ಗೆ ಬಡಿಯುವ ಸದ್ದಿಗೆ ಕಿವಿಗೊಡುತ್ತೇನೆ. ಟ್ಯಾಗ್ ಮಾಡುವ, ಅಂದರೆ ಚೆಂಡು ಹಿಡಿದ ಕೈಯಿಂದ ಓಟಗಾರನನ್ನು ಮುಟ್ಟುವ ಆಟವಾದರೆ ಹತ್ತಿರವೇ ಹೋಗಬೇಕು. ಸದ್ದಿನಿಂದ ತಿಳಿಯುವಂಥದ್ದು ಅಲ್ಲಿ ಏನೂ ಇಲ್ಲ.

ಋತುವಿನ ನಡುವೆ: ಯಾವ ಬೇಸ್ ಯಾರದ್ದು

ಅತಿ ಹೆಚ್ಚು ಸಮಯ ಹಿಡಿದದ್ದೂ ಅತಿ ಹೆಚ್ಚು ಸಂತೋಷ ಕೊಟ್ಟದ್ದೂ ಇದೇ. ಬೇಸ್‌ಗಳಲ್ಲಿ ಯಾರೂ ಇಲ್ಲದಿದ್ದಾಗ ಬೇಸ್ ಅಂಪೈರ್ ಮೊದಲ ಬೇಸ್‌ಮನ್‌ನ ಹಿಂದೆ, ಆಟದ ಪಕ್ಕದ ಗಡಿಯಾದ ಫೌಲ್ ಗೆರೆಯ ಆಚೆ ನಿಲ್ಲುತ್ತಾರೆ. ಮೊದಲ ಬೇಸ್‌ಗೆ ಓಟಗಾರ ಬಂದೊಡನೆ ಮೈದಾನದ ಒಳಗೆ, ಪಿಚರ್‌ನ ದಿಬ್ಬಕ್ಕೂ ಎರಡನೇ ಬೇಸ್‌ಗೂ ನಡುವೆ ಬಲಕ್ಕೆ ಬರುತ್ತಾರೆ. ಓಟಗಾರ ಎರಡಕ್ಕೋ ಮೂರಕ್ಕೋ ಹೋದರೆ ಅದೇ ಜಾಗದ ಎಡಬದಿಗೆ. ಕಾಗದದ ಮೇಲೆ ಇಷ್ಟೇ. ಮೊದಲ ಬೇಸ್‌ನಲ್ಲಿ ಮಾತ್ರ ಓಟಗಾರನಿದ್ದಾನೆ, ಚೆಂಡು ಬಲ ಮೈದಾನಕ್ಕೆ ಹೊಡೆಯಲ್ಪಟ್ಟಿತು ಎನ್ನಿ. ಆ ಓಟಗಾರ ಮೂರನೇ ಬೇಸ್‌ಗೆ ಓಡಿದರೆ ಅಲ್ಲಿನ ತೀರ್ಪು ಪ್ಲೇಟ್ ಅಂಪೈರ್‌ನದು. ಆಗ ಪ್ಲೇಟ್‌ನ ಹಿಂದಿರುವ ನಾನು ಮಾಸ್ಕ್ ಕಳಚಿ, ‘ಮೂರು ನನ್ನದು’ ಎಂದು ಕೂಗುತ್ತಾ ಕವಚಗಳ ಸಮೇತ ಓಡಬೇಕು. ಎಸೆತ ತಪ್ಪಿ ಚೆಂಡು ಆಚೆ ಹೋಯಿತೋ, ಓಟಗಾರನಿಗಿಂತ ಮೊದಲು ಹೋಮ್‌ಗೆ ಮರಳಬೇಕು. ಅದೇ ಎರಡನೇ ಬೇಸ್‌ನಲ್ಲಿ ಇನ್ನೊಬ್ಬ ಓಟಗಾರನಿದ್ದಿದ್ದರೆ ನಾನು ಪ್ಲೇಟ್ ಬಿಟ್ಟು ಕದಲುವಂತಿಲ್ಲ. ಮೂರೂ ಬೇಸ್‌ಗಳ ಭಾರ ಒಳಗಿರುವ ಜೊತೆಗಾರರದು.

ಇದನ್ನೆಲ್ಲ ಪಿಚ್‌ಗೆ ಮುಂಚೆಯೇ ಯೋಚಿಸಿಟ್ಟುಕೊಂಡಿರಬೇಕು. ಈಗ ಪ್ರತಿ ಪಿಚ್‌ಗೂ ಮೊದಲು ಎಷ್ಟು ಔಟ್, ಯಾರು ಎಲ್ಲಿ, ಚೆಂಡು ಎತ್ತರಕ್ಕೆ ಹೋದರೆ ಯಾರು ಎತ್ತ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಮೊದಲ ಮತ್ತು ಎರಡನೇ ಬೇಸ್‌ಗಳು ತುಂಬಿದ್ದು, ಅಥವಾ ಮೂರೂ ತುಂಬಿದ್ದು, ಔಟ್‌ಗಳು ಎರಡಕ್ಕಿಂತ ಕಡಿಮೆಯಿದ್ದರೆ ಇಬ್ಬರೂ ಪರಸ್ಪರ ಕೈಸನ್ನೆ ಮಾಡಿಕೊಳ್ಳುತ್ತೇವೆ: ಇನ್‌ಫೀಲ್ಡ್ ಫ್ಲೈ ನಿಯಮ (ಬೇಸ್‌ಗಳ ಬಳಿ ಎತ್ತರಕ್ಕೆ ಹೋದ ಸುಲಭದ ಚೆಂಡಿಗೆ, ಅದನ್ನು ಹಿಡಿಯದಿದ್ದರೂ ಬ್ಯಾಟರ್ ಔಟ್) ಈಗ ಜಾರಿಯಲ್ಲಿದೆ. ಸುಲಭವಾಗಿ ಹಿಡಿಯಬಹುದಾದ ಚೆಂಡನ್ನು ಬೇಕೆಂದೇ ಬೀಳಿಸಿ ಇಬ್ಬರನ್ನು ಔಟ್ ಮಾಡುವ ಮೋಸವನ್ನು ತಡೆಯುವ ಈ ನಿಯಮ ನನಗೆ ಬಹಳ ಪ್ರಿಯ. ಆದರೆ ಅದನ್ನು ಕೂಗಿ ಹೇಳುವುದು ಒಂದು ಗಳಿಗೆ ತಡವಾದರೂ ಓಟಗಾರರು ದಿಕ್ಕುಗೆಡುತ್ತಾರೆ.

ವೃತ್ತಿಪರ ಅಂಪೈರ್‌ಗಳೂ ಕೆಳಹಂತದ ಲೀಗ್‌ಗಳಲ್ಲಿ ಇದೇ ಇಬ್ಬರ ಪದ್ಧತಿಯಿಂದ ಆರಂಭಿಸುತ್ತಾರೆ. 2025ರ ಆಗಸ್ಟ್‌ನಲ್ಲಿ ಮೇಜರ್ ಲೀಗ್‌ನ ಋತುಪಂದ್ಯದಲ್ಲಿ ತೀರ್ಪು ನೀಡಿದ ಮೊದಲ ಮಹಿಳೆಯಾದ ಜೆನ್ ಪಾವೋಲ್ ಅವರು ಕಾಲೇಜು ಸಾಫ್ಟ್‌ಬಾಲ್‌ನಲ್ಲಿ ಅಂಪೈರ್ ಆಗಿದ್ದು, 2016ರಲ್ಲಿ ವೃತ್ತಿಪರ ಬೇಸ್‌ಬಾಲ್‌ಗೆ ಬಂದವರು. ಸುಮಾರು ಒಂಬತ್ತು ವರ್ಷಗಳ ಆ ದಾರಿಯನ್ನು ನೆನೆದಾಗ ನನ್ನ ನಿಧಾನದ ಬಗ್ಗೆ ಅವಸರ ಅನಿಸುವುದಿಲ್ಲ.

ಈಚಿನ ವಾರಗಳು: ಜೊತೆಗಾರರು

ಮಕ್ಕಳ ಪಂದ್ಯಗಳಲ್ಲಿ ನನ್ನ ಜೊತೆಗೆ ಬರುವವರು ಎಷ್ಟೋ ಸಲ ಇನ್ನೂ ಶಾಲೆಯಲ್ಲಿ ಓದುವವರು. ಅವರ ಮೇಲೆ ದೊಡ್ಡವರು ದನಿಯೇರಿಸುವುದನ್ನು ನೋಡುವುದು ಈ ಹವ್ಯಾಸದ ಅತಿ ಕಷ್ಟದ ಭಾಗ. ನನ್ನ ಮೇಲಿನ ಕೂಗಾಟ ಇನ್ನಿಂಗ್ಸ್ ಬದಲಾಗುವಷ್ಟರಲ್ಲಿ ಮರೆತುಹೋಗುತ್ತದೆ. ಆ ಹುಡುಗಿಯೋ ಹುಡುಗನೋ ಮನೆಗೆ ಹೊತ್ತೊಯ್ಯುವುದು ಹಾಗಲ್ಲ. ಒಳ್ಳೆಯ ಕಣ್ಣಿರುವ ಹೊಸಬರು ಈ ಕಾರಣಕ್ಕೇ ಬಿಟ್ಟುಹೋದದ್ದನ್ನು ಕಂಡಿದ್ದೇನೆ.

ನಿಯಮದ ಪ್ರಕಾರ ತೀರ್ಪು ಕೊಟ್ಟವರು ಕೇಳದ ಹೊರತು ಇನ್ನೊಬ್ಬ ಅಂಪೈರ್ ಅದನ್ನು ಬದಲಿಸಲು ಮುಂದಾಗುವಂತಿಲ್ಲ. ಹಾಗಾಗಿ ಕೋಚ್ ಕಿರಿಯ ಜೊತೆಗಾರರ ಬಳಿ ಬಂದಾಗ ನಾನು ಉತ್ತರಿಸುವುದಿಲ್ಲ, ಆದರೆ ದೂರವೂ ನಿಲ್ಲುವುದಿಲ್ಲ. ಎರಡನೆಯ ಕೋಚ್‌ನನ್ನೂ ಆಟಗಾರರನ್ನೂ ಅಲ್ಲಿಗೆ ಬರಲು ಬಿಡುವುದಿಲ್ಲ. ಒಬ್ಬರು ಕೇಳಲಿ, ಒಬ್ಬರು ಹೇಳಲಿ, ಆಟ ಮುಂದುವರಿಯಲಿ. ನಿಯಮದ ಅನ್ವಯದ ಬಗ್ಗೆ ಕೋಚ್‌ಗೆ ಪ್ರಶ್ನಿಸುವ ಹಕ್ಕಿದೆ, ಅದಕ್ಕೆ ಗೌರವದಿಂದ ಉತ್ತರ ಸಿಗಬೇಕು. ಸ್ಟ್ರೈಕೋ ಅಲ್ಲವೋ ಎಂಬುದು ವಾದದ ವಿಷಯವಲ್ಲ. ಕಳೆದ ಕೆಲವು ವಾರಗಳಿಂದ ಪಂದ್ಯಕ್ಕೆ ಮುಂಚಿನ ನಮ್ಮ ಮಾತುಕತೆಯಲ್ಲಿ ಇದನ್ನೂ ಸೇರಿಸಿದ್ದೇನೆ: ಚೆಂಡು ಕೈಯಿಂದ ಜಾರಿದ್ದು, ಕಾಲು ಬೇಸ್‌ನಿಂದ ಎದ್ದದ್ದು ಕಾಣದಿದ್ದರೆ ನನ್ನನ್ನು ಕೇಳಿ, ಕಂಡಿದ್ದರೆ ಮಾತ್ರ ಹೇಳುತ್ತೇನೆ. ಹೀಗೆ ಒಪ್ಪಿಕೊಂಡ ಮೇಲೆ ಕಿರಿಯರ ಕೈಸನ್ನೆಗಳು ಎದ್ದುಕಾಣುವಷ್ಟು ದೃಢವಾಗಿವೆ.

ಮುಂದಿನದು

ಹೊರ ಅಂಚಿನ, ಅಂದರೆ ಬ್ಯಾಟರ್‌ನಿಂದ ದೂರದ ಬದಿಯ, ಕೆಳಮಟ್ಟದ ಚೆಂಡಿನ ತೀರ್ಪು ಇನ್ನೂ ಕೈಗೆ ಸಿಕ್ಕಿಲ್ಲ. ಸಂದಿಯಿಂದ ನೋಡುವಾಗ ಅದೇ ಅತಿ ದೂರದ ಮೂಲೆ, ಕ್ಯಾಚರ್‌ನ ಮೈ ಅಡ್ಡ ಬರುತ್ತದೆ. ಪಿಚರ್‌ಗಳ ಅಭ್ಯಾಸದ ಹೊತ್ತಿನಲ್ಲಿ ಕ್ಯಾಚರ್ ಹಿಂದೆ ನಿಂತು ಬರೀ ಆ ಮೂಲೆಯನ್ನು ನೋಡಲು ಒಂದು ತಂಡ ಒಪ್ಪಿದೆ. ಜೊತೆಗೆ ಎಡಗೈ ಪಿಚರ್‌ಗಳು ಮೊದಲ ಬೇಸ್‌ಗೆ ಎಸೆಯುವಾಗಿನ ಬಾಕ್ (ಓಟಗಾರನನ್ನು ವಂಚಿಸುವ, ನಿಯಮಕ್ಕೆ ವಿರುದ್ಧವಾದ ಪಿಚರ್‌ನ ಚಲನೆ) ಗುರುತಿಸುವುದನ್ನೂ ಅಲ್ಲಿಯೇ ಅಭ್ಯಾಸ ಮಾಡುವ ಯೋಚನೆಯಿದೆ: ಕಾಲು ಬೇಸ್‌ನ ಕಡೆಗೆ ನೇರವಾಗಿ ಬೀಳುತ್ತಿದೆಯೋ, ಪ್ಲೇಟ್‌ನ ಕಡೆಗೆ ವಾಲುತ್ತಿದೆಯೋ ಎಂಬುದನ್ನು ಬೇಸ್ ಅಂಪೈರ್‌ನ ಜಾಗದಿಂದ ನೋಡಬೇಕು.