ಈಗ ಹಾಕು

ಮಂಗಳವಾರ ಸಂಜೆಯಿಂದ ಕಣ್ಣ ಮುಂದೆ ಒಂದೇ ದೃಶ್ಯ. ಪಡುಬಿದ್ರಿ ದಾಟಿ ಎರ್ಮಾಳಿನ ಹತ್ತಿರ ಅಪ್ಪನ ಎಡಗೈ ತೊಡೆಯ ಮೇಲಿಂದ ಎದ್ದಿತು. ಬೆರಳುಗಳು ಏನನ್ನೋ ಹಿಡಿದ ಹಾಗೆ ಸಡಿಲವಾಗಿ ಮಡಚಿಕೊಂಡವು. ಬಾಗಿಲಿನ ಪಕ್ಕದ ಖಾಲಿ ಜಾಗದಲ್ಲಿ ಆ ಕೈ ಮುಂದಕ್ಕೆ ಹೋಯಿತು. "ಈಗ ಹಾಕು" ಅಂದರು.

ನಾನು ಕಾರನ್ನು ಎರಡನೇ ಗೇರಿನಿಂದ ಮೂರಕ್ಕೆ ಹಾಕಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮುಳ್ಳು ಆಗ 5,500ರ ಹತ್ತಿರ ಇತ್ತು. ಅವರು ಮುಳ್ಳನ್ನು ನೋಡುತ್ತಿರಲಿಲ್ಲ, ಸಮುದ್ರದ ಕಡೆಗೆ ಮುಖ ಮಾಡಿ ಕೂತಿದ್ದರು. ಕಿವಿಯ ಮಿಷನ್ ಅಂಗಿಯ ಜೇಬಿನಲ್ಲಿತ್ತು.

ಅಪ್ಪನಿಗೆ ಈಗ 74. ಮಂಗಳೂರು–ಕುಂದಾಪುರ ರೂಟಿನಲ್ಲಿ 31 ವರ್ಷ ಎಕ್ಸ್‌ಪ್ರೆಸ್ ಬಸ್ ಬಿಟ್ಟವರು. ಆಗಿನ ಬಸ್ಸುಗಳ ಎಂಜಿನ್ ಇದ್ದದ್ದು ಡ್ರೈವರನ ಎಡ ಮಗ್ಗುಲಲ್ಲಿ, ರೆಕ್ಸಿನ್ ಹೊದಿಸಿದ ಒಂದು ಬಾನೆಟ್ಟಿನ ಕೆಳಗೆ. ರಶ್ ಇದ್ದ ದಿನ ಆ ಬಾನೆಟ್ಟಿನ ಮೇಲೂ ನಾಲ್ಕು ಜನ ಕೂರುತ್ತಿದ್ದರು. ನಾನೂ ಸಣ್ಣವನಿದ್ದಾಗ ಅದರ ಮೇಲೆ ಕೂತು ಸುರತ್ಕಲ್‌ವರೆಗೆ ಹೋದದ್ದುಂಟು. ಚಡ್ಡಿಯ ಕೆಳಗೆ ಬಿಸಿ, ಹಲ್ಲಿನವರೆಗೂ ನಡುಕ. ಅಪ್ಪ ಗೇರು ಹಾಕುವಾಗ ಅವರ ಮೊಣಕೈ ನನ್ನ ಮಂಡಿಗೆ ತಾಗುತ್ತಿತ್ತು. ಕಾರ್ಖಾನೆಗಳಿಗಾದರೆ ದಿನಕ್ಕೆ 8 ಗಂಟೆಗೆ 90 ಡೆಸಿಬೆಲ್ ಸದ್ದು ಎಂಬ ಮಿತಿಯೊಂದು ಉಂಟು. ಬಸ್ಸಿನ ಡ್ರೈವರ್ ಸೀಟನ್ನು ಯಾರೂ ಕಾರ್ಖಾನೆ ಎಂದು ಎಣಿಸಲಿಲ್ಲ, ಯಾರೂ ಅಳೆಯಲೂ ಇಲ್ಲ.

ಗದ್ದಲದಿಂದ ಕೆಡುವ ಕಿವಿ ಎಲ್ಲ ಶಬ್ದಗಳಿಗೂ ಒಟ್ಟಿಗೆ ಕೆಡುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸ್, ಅಂದರೆ ಸೆಕೆಂಡಿಗೆ 4,000 ಕಂಪನದ ಆಸುಪಾಸಿನ ತೆಳ್ಳಗಿನ, ಎತ್ತರದ ಸ್ವರಗಳು. ತಗ್ಗಿನ ದಪ್ಪ ಸ್ವರಗಳು ಬಹಳ ಕಾಲ ಉಳಿಯುತ್ತವೆ. ಮಾತಿನಲ್ಲಿ ಅ, ಆ, ಉ, ಓ ತಗ್ಗಿನಲ್ಲಿರುತ್ತವೆ. ಸ, ಶ, ತ, ಕ, ಚ ಮೇಲಿನವು. ಹಾಗಾಗಿ ಅಮ್ಮ ಹಾಲು ಎಂದರೂ ಸಾಲು ಎಂದರೂ ಕಾಲು ಎಂದರೂ ಅಪ್ಪನಿಗೆ ಒಂದೇ "ಆಲು". ಅಕ್ಷರಗಳ ಮೂಳೆ ಕಳಚಿ ಹೋಗಿದೆ, ಮಾಂಸ ಮಾತ್ರ ಉಳಿದಿದೆ. ಜನ ಅದಕ್ಕೆ ಜೋರಾಗಿ ಕೂಗುತ್ತಾರೆ. ಕೂಗಿದರೆ ಇನ್ನೂ ದೊಡ್ಡ "ಆಲು" ಕೇಳುತ್ತದೆ, ಅಷ್ಟೇ.

ಅವರು ಕೆಲಸ ಬಿಟ್ಟದ್ದೂ ಇದೇ ಕಾರಣಕ್ಕೆ. ಕಂಡಕ್ಟರನ ವಿಸಿಲ್ ಕೇಳುವುದು ನಿಂತಿತು. ವಿಸಿಲ್ಲಿನ ಸ್ವರವೂ ಆ ಎತ್ತರದ್ದೇ. ಕೊನೆಯ ಒಂದೂವರೆ ವರ್ಷ ಅವರ ಕಂಡಕ್ಟರ್ ವಿಸಿಲ್ ಊದುವ ಬದಲು ಬಸ್ಸಿನ ಬಾಡಿಗೆ ಅಂಗೈಯಿಂದ ಬಡಿಯುತ್ತಿದ್ದ, ನಿಲ್ಲಲು ಒಂದು ಪೆಟ್ಟು, ಹೋಗಲು ಎರಡು. ಯಾರಿಗೂ ಹೇಳಲಿಲ್ಲ ಆ ಮನುಷ್ಯ. ಅವನಿಂದಾಗಿ ಅಪ್ಪನ ಮರ್ಯಾದೆ ಉಳಿಯಿತು. ನಾನು ಆಗ ಕುವೈತಿನಲ್ಲಿದ್ದೆ. ಅಪ್ಪ ಫೋನಿನಲ್ಲಿ ಏಕೆ ಮಾತು ಕಡಿಮೆ ಮಾಡಿದ್ದಾರೆಂದು ಸಿಟ್ಟು ಮಾಡಿಕೊಂಡಿದ್ದೆ.

ಇನ್ನು ಕಾರಿನ ವಿಷಯ. ಹತ್ತೊಂಬತ್ತು ವರ್ಷದ ಗಲ್ಫ್ ದುಡಿಮೆಯಲ್ಲಿ ನನಗೋಸ್ಕರ ಎಂದು ಕೊಂಡ ಒಂದೇ ವಸ್ತು ಅದು, ಬೆಂಗಳೂರಿನಿಂದ ತಂದ ಹಳೆಯ ಪೋರ್ಷೆ ಬಾಕ್ಸ್‌ಸ್ಟರ್. 2.7 ಲೀಟರ್, ಆರು ಸಿಲಿಂಡರ್. ಮೂರು ಮೂರರಂತೆ ಎರಡು ಬದಿಗೆ ಮಲಗಿಸಿದ ಎಂಜಿನ್ ಸೀಟುಗಳ ಹಿಂದೆ, ಗಾಡಿಯ ನಡುವಿನಲ್ಲಿದೆ. ಮುಂದಿನ ಬಾನೆಟ್ ಎತ್ತಿದರೂ ಡಿಕ್ಕಿ, ಹಿಂದಿನದು ಎತ್ತಿದರೂ ಡಿಕ್ಕಿ. ಮೊದಲ ದಿನ ಅಪ್ಪ ಎರಡೂ ಕಡೆ ಬಗ್ಗಿ ನೋಡಿ "ಎಂಜಿನ್ ಎಲ್ಲಿ ಮಾರಾಯ?" ಎಂದು ಕೇಳಿದ್ದರು. ಸೀಟಿನ ಹಿಂದಿನ ಗೋಡೆ ತಟ್ಟಿ ತೋರಿಸಿದೆ. ಅವರಿಗೆ ಅದು ಸರಿ ಕಾಣಲಿಲ್ಲ. ಎಂಜಿನ್ ಕೈಗೆ ಸಿಗುವ ಹಾಗೆ ಪಕ್ಕದಲ್ಲಿರಬೇಕು ಅವರಿಗೆ.

ಈ ಗಾಡಿ ಉಸಿರು ಎಳೆಯುವುದು ಎಡ ಬಾಗಿಲಿನ ಹಿಂದಿನ ಕಿಂಡಿಯಿಂದ. ಅಲ್ಲಿನ ಜಾಲರಿಯ ಒಳಗೆ ಕಪ್ಪು ಪ್ಲಾಸ್ಟಿಕ್ಕಿನ ಒಂದು ಸೊಂಡಿಲು, ಅದರ ಆಚೆ ಏರ್ ಫಿಲ್ಟರಿನ ಡಬ್ಬ. ಸೊಂಡಿಲಿನ ಮುಖ್ಯ ಕೆಲಸ ಶಬ್ದ ತಗ್ಗಿಸುವುದು. ಹೊಸ ಮಾದರಿಯನ್ನು ರಸ್ತೆಗೆ ಬಿಡುವ ಮುಂಚೆ ಗಾಡಿ ಹಾದುಹೋಗುವ ದಾರಿಯಿಂದ ಏಳೂವರೆ ಮೀಟರ್ ದೂರದಲ್ಲಿ ಮೈಕ್ ಇಟ್ಟು ಸದ್ದು ಅಳೆಯುತ್ತಾರೆ. ಅದರಲ್ಲಿ ಪಾಸಾಗಬೇಕು. ಜನ ಗಾಡಿಯ ಶಬ್ದ ಎಂದರೆ ಸೈಲೆನ್ಸರ್ ಒಂದನ್ನೇ ನೆನೆಯುತ್ತಾರೆ, ಆದರೆ ಎಂಜಿನ್ ಎರಡು ತುದಿಯಲ್ಲೂ ಮಾತಾಡುತ್ತದೆ. ಇನ್‌ಲೆಟ್ ವಾಲ್ವ್ ತೆರೆದಾಗಲೆಲ್ಲ ಒಂದು ಗುಟುಕು ಗಾಳಿ ಒಳಗೆ ಹೋಗುತ್ತದೆ, ಅದರ ಪೆಟ್ಟು ಕೊಳವೆಯುದ್ದಕ್ಕೂ ತಿರುಗಿ ಹೊರಕ್ಕೆ ಬರುತ್ತದೆ. ಬಾಟಲಿಯ ಬಾಯಿಗೆ ಊದಿದರೆ ಹೊಮ್ಮುವ ಸ್ವರಕ್ಕೆ ಬಾಟಲಿಯ ಹೊಟ್ಟೆ, ಕುತ್ತಿಗೆಯ ಅಳತೆ ಕಾರಣವಾಗುವ ಹಾಗೆ ಇಲ್ಲೂ ಕೊಳವೆ, ಡಬ್ಬಗಳ ಅಳತೆಯೇ ಸ್ವರವನ್ನು ನಿಶ್ಚಯಿಸುವುದು. 19ನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಇದರ ಲೆಕ್ಕ ಹಾಕಿಟ್ಟ. ಬೇಡದ ಸ್ವರವನ್ನು ನುಂಗಲಿಕ್ಕೆ ಇವತ್ತಿಗೂ ಎಷ್ಟೋ ಕಾರುಗಳ ಏರ್ ಪೈಪಿಗೆ ಒಂದು ಖಾಲಿ ಡಬ್ಬ ಅಂಟಿಸಿರುತ್ತಾರೆ, ಅದೇ ಲೆಕ್ಕದ ಮೇಲೆ.

ಸೈಲೆನ್ಸರ್ ಬಿಚ್ಚುವವರ ಮೇಲೆ ನನಗೆ ಸ್ವಲ್ಪವೂ ಪ್ರೀತಿ ಇಲ್ಲ. ರಾತ್ರಿ ಹನ್ನೊಂದಕ್ಕೆ ಕಾಪು ಪೇಟೆಯಲ್ಲಿ ಬೈಕಿನಿಂದ ಪಟಾಕಿ ಹೊಡೆಸಿಕೊಂಡು ಹೋಗುವ ಹುಡುಗರು ಬೇರೆಯವರ ಕಿವಿಯ ಖರ್ಚಿನಲ್ಲಿ ಖುಷಿ ಪಡುತ್ತಾರೆ. ನನಗೆ ಬೇಕಿದ್ದದ್ದು ಗಾಡಿಯ ಒಳಗೆ ಕೇಳುವ ಉಸಿರು. ಈಗಿನ ಕೆಲವು ಕಂಪನಿಗಳು ಆ ಸ್ವರವನ್ನು ಸ್ಪೀಕರಿನಲ್ಲಿ ಹಾಕಿ ಕೇಳಿಸುತ್ತವೆ. 2011ರ ಬಿಎಂಡಬ್ಲ್ಯೂ ಎಂ5 ಹಾಗೆ ಬಂದಿತ್ತು. ನನಗದು ಹಿಡಿಸುವುದಿಲ್ಲ. ಚೆಂಡೆ ಬಾರಿಸುವವನ ಪಕ್ಕ ಕೂತವನಿಗೆ ಚೆಂಡೆಯೇ ಕೇಳಬೇಕು, ಅದರ ರೆಕಾರ್ಡ್ ಅಲ್ಲ.

ಬೈಕಂಪಾಡಿಯ ಹತ್ತಿರ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಹುಡುಗ ಚುರುಕು, ಮಾತು ಬೆಣ್ಣೆ. ಡಬ್ಬವನ್ನೇ ತೆಗೆದು ಕೋನಿನ ಆಕಾರದ ತೆರೆದ ಫಿಲ್ಟರ್ ಹಾಕಿಸಿ ಎಂದ, ಇಪ್ಪತ್ತು ಕುದುರೆ ಶಕ್ತಿ ಜಾಸ್ತಿ ಆಗುತ್ತದೆ ಎಂದ. ಆಗುವುದಿಲ್ಲ. ತೆರೆದ ಫಿಲ್ಟರ್ ಎಂಜಿನ್ ಕೋಣೆಯ ಬಿಸಿ ಗಾಳಿ ಎಳೆಯುತ್ತದೆ. ಗಾಳಿ ಮೂರು ಡಿಗ್ರಿ ಬಿಸಿಯಾದರೆ ಅದರ ಸಾಂದ್ರತೆ ಸುಮಾರು ನೂರಕ್ಕೆ ಒಂದು ಪಾಲು ಇಳಿಯುತ್ತದೆ, ಶಕ್ತಿಯೂ ಅದರ ಜೊತೆಗೆ. ಆ ಫಿಲ್ಟರಿಗೆ ಹಚ್ಚುವ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿಗೆ ಮೆತ್ತಿಕೊಳ್ಳುವುದೂ ಉಂಟು. ಬೇರೆ ಗಾಡಿಗಳಲ್ಲಿ ಪೈಪನ್ನು ಬಂಪರಿನ ಕೆಳಗೆ ಇಳಿಸಿ ತಣ್ಣಗಿನ ಗಾಳಿ ಎಳೆಸುತ್ತಾರೆ. ಜುಲೈಯಲ್ಲಿ ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ನಿಂತ ಮಳೆ ನೀರಿಗೆ ಹಾಗೆ ಇಳಿದರೆ ಎಂಜಿನ್ ಗಾಳಿಯ ಬದಲು ನೀರು ಕುಡಿಯುತ್ತದೆ. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಕೂತು ಒಬ್ಬ ಮೆಕ್ಯಾನಿಕ್ ಇದನ್ನು ಗಿರಾಕಿಗೆ ಹೇಳದೆ ಇರುವುದು ತಪ್ಪು. ಹೇಳಿಯೇ ಬಂದೆ.

ಭಾನುವಾರ ಅಂಗಳದಲ್ಲಿ ನಾನೇ ಜಾಲರಿ ಬಿಚ್ಚಿ ಸೊಂಡಿಲೊಂದನ್ನೇ ಹೊರಗೆ ತೆಗೆದೆ. ಫಿಲ್ಟರ್ ಹಾಗೆಯೇ, ಡಬ್ಬ ಹಾಗೆಯೇ. ಬೇಕಾದಾಗ ಮತ್ತೆ ಕೂರಿಸಬಹುದು. ಹಲಸಿನ ಮರದ ಕೆಳಗೆ ಭಾವ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಂಪನಿ ಮಾಡಿದ ಗಾಡಿಯನ್ನು ಬದಲಾಯಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದನ್ನು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದ್ದನ್ನು, ನನಗೆ ನೆನಪಿಸಿದರು. ಅವರ ಮಾತು ತಪ್ಪಲ್ಲ, ಆ ಅಳುಕು ನನಗೂ ಇದೆ. ಆದರೆ ಭಾವನ ಒಂದು ಅಭ್ಯಾಸ ನನಗೆ ಸೇರುವುದಿಲ್ಲ. ಅಪ್ಪ ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದರೂ ಅಪ್ಪನ ಬಗ್ಗೆ ನನ್ನ ಹತ್ತಿರ ಮಾತಾಡುತ್ತಾರೆ. "ಮಾವನನ್ನು ಒಮ್ಮೆ ಕಿವಿ ಡಾಕ್ಟರಿಗೆ ತೋರಿಸು, ಹೀಗೆ ಬಿಟ್ಟರೆ ಹೇಗೆ?" ಕೇಳದವರ ಎದುರು ಹೇಳಿದರೆ ಏನೂ ಆಗುವುದಿಲ್ಲವೆಂಬ ಧೈರ್ಯ.

ಮಂಗಳವಾರ ಮಂಗಳೂರಿಗೆ ಹೋದದ್ದು ಅದಕ್ಕೇ. ಅಲ್ಲೂ ಅದೇ ಕಥೆ. ಪರೀಕ್ಷೆ ಮಾಡಿದ ಹುಡುಗಿ ಪಾಪ ಒಳ್ಳೆಯವಳು, ಕಾಗದದ ಮೇಲೆ ಬರೆದು ಬರೆದು ಕೇಳಿದಳು. ಆಮೇಲೆ ಬಂದವರು ಮಾತ್ರ ಅಪ್ಪನ ಮುಖವನ್ನೇ ನೋಡಲಿಲ್ಲ. "ಪೇಶೆಂಟ್‌ಗೆ ಹೇಳಿ, ದಿನಕ್ಕೆ ಎಂಟು ಗಂಟೆ ಹಾಕಿಕೊಳ್ಳಬೇಕು" ಎಂದು ನನಗೆ ಹೇಳಿದರು. ಪೇಶೆಂಟ್ ಎರಡಡಿ ದೂರದಲ್ಲಿ ಕೈ ಕಟ್ಟಿ ಕೂತಿದ್ದರು. ಯಾವ ಸ್ವರ ಎಷ್ಟು ಕೇಳುತ್ತದೆಂದು ತೋರಿಸುವ ಆಡಿಯೋಗ್ರಾಮಿನ ಗೆರೆ ಎಡದಿಂದ ಸಮವಾಗಿ ಬಂದು 2,000 ಹರ್ಟ್ಸ್ ದಾಟಿದ ಮೇಲೆ ಘಾಟಿ ಇಳಿದ ಹಾಗೆ ಕೆಳಗೆ ಬಿದ್ದಿತ್ತು. ಎಡ ಕಿವಿಯದು ಇನ್ನೂ ಕೆಳಗೆ. ಎಂಜಿನ್ ಇದ್ದ ಮಗ್ಗುಲು.

ಕಾರಿನಲ್ಲಿ ಕೂತ ಕೂಡಲೇ ಮಿಷನ್ ತೆಗೆದು ಜೇಬಿಗೆ ಹಾಕಿದರು. ಕೂಳೂರು ಸೇತುವೆಯ ಟ್ರಾಫಿಕ್ಕಿನಲ್ಲಿ ನಾನೂ ಮಾತಾಡಲಿಲ್ಲ. ಸುರತ್ಕಲ್, ಮುಕ್ಕ, ಪಾವಂಜೆ, ಹಳೆಯಂಗಡಿ, ಮೂಲ್ಕಿಯ ಶಾಂಭವಿ ಹೊಳೆ. ಒಂದು ಕಾಲದಲ್ಲಿ ದಿನಕ್ಕೆ ಎಷ್ಟು ಸಲ ದಾಟಿದ ಊರುಗಳು ಅವರಿಗೆ. ಹೆಜಮಾಡಿಯ ಟೋಲ್ ಕಳೆದು ಪಡುಬಿದ್ರಿ ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕಿತು. ಎರಡನೇ ಗೇರಿನಲ್ಲಿ ಕಾಲು ಒತ್ತಿದೆ. ನಾಲ್ಕು ಸಾವಿರ ದಾಟಿದಾಗ ಹಿಂದಿನ ಕಿಂಡಿ ಬಾಯಿ ತೆರೆಯಿತು. ಅದನ್ನು ಹೇಗೆ ಹೇಳಲಿ, ಶಂಖದ ತಗ್ಗಿನ ಸ್ವರಕ್ಕೆ ಗಂಟಲಿನ ಒರಟು ಸೇರಿದ ಹಾಗೆ. ಆರು ಸಿಲಿಂಡರಿಗೆ ಒಂದು ಸುತ್ತಿಗೆ ಮೂರು ಗುಟುಕು. 5,500 ಎಂದರೆ ಸೆಕೆಂಡಿಗೆ 275. ಅಪ್ಪ ಕಳೆದುಕೊಂಡ 4,000ದಿಂದ ಬಹಳ ಕೆಳಗೆ, ಅವರ ಗೆರೆ ಇನ್ನೂ ಸಮವಾಗಿರುವ ಜಾಗದಲ್ಲಿ. ಸ್ವರ ಬರುತ್ತಿದ್ದದ್ದು ಅವರ ಎಡ ಭುಜದ ಹಿಂದಿನಿಂದಲೇ.

ಇದ್ಯಾವುದನ್ನೂ ನಾನು ಲೆಕ್ಕ ಹಾಕಿ ಮಾಡಿದ್ದಲ್ಲ. ಶಬ್ದ ನನಗೆ ಬೇಕಾಗಿತ್ತು, ನನ್ನ ಸಂತೋಷಕ್ಕೆ ಬಿಚ್ಚಿದೆ.

ಕೈ ಎದ್ದಿತು. ಮುಂದಕ್ಕೆ ಹೋಯಿತು. "ಈಗ ಹಾಕು."

ಅವರ ಬಸ್ಸಿನ ಡೀಸೆಲ್ ಎಂಜಿನ್ ಇದರ ಅರ್ಧದಷ್ಟೂ ತಿರುಗುತ್ತಿರಲಿಲ್ಲ. ಹಾಗಾದರೆ ಅವರು ಹಿಡಿದದ್ದು ಏನನ್ನು? ಏರುತ್ತಿದ್ದ ಸ್ವರ ಇನ್ನು ತುಂಬುವುದಿಲ್ಲ, ಬರೀ ಏರುತ್ತದೆ ಎನ್ನುವ ಆ ಒಂದು ಕ್ಷಣವನ್ನು. ಯಾವ ಎಂಜಿನ್ನಿನಲ್ಲೂ ಅದು ಇರುತ್ತದೆ. ಮೂರನೇ ಗೇರು ಬಿದ್ದು ಸ್ವರ ತಗ್ಗಿದಾಗ ಅವರ ಬೆರಳು ಬಿಚ್ಚಿಕೊಂಡಿತು. ಆಮೇಲೆ, ಎಷ್ಟು ತಿಂಗಳ ನಂತರವೋ, ತಾವಾಗಿ ಮಾತು ತೆಗೆದರು.

"ಮೊದಲು ಇದಕ್ಕೆ ಸ್ವರ ಇರಲಿಲ್ಲ."

ನಾನು ಹೌದೆಂದು ತಲೆ ಅಲ್ಲಾಡಿಸಿದೆ.

"ಇದು ಕೇಳುತ್ತದೆ ನನಗೆ."

ಉಚ್ಚಿಲದವರೆಗೆ ಇನ್ನೂ ಎರಡು ಸಲ ಕೈ ಎದ್ದಿತು. ಎರಡು ಸಲವೂ ಅವರು ಹೇಳಿದಾಗಲೇ ಹಾಕಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅವರ ಕಿವಿ ತಿಂದದ್ದು ಎಂಜಿನ್. ಈಗ ಅವರಿಗೆ ಪೂರ್ತಿಯಾಗಿ, ಒಂದಕ್ಷರ ಬಿಡದೆ ಅರ್ಥವಾಗುವ ಭಾಷೆಯೂ ಎಂಜಿನ್ನಿನದೇ. ಹೆಂಡತಿಯ ಮಾತು ಅರ್ಧ, ಮೊಮ್ಮಗಳ ಮಾತು ಕಾಲು, ನನ್ನದು ಎಷ್ಟೋ. ಬಾನೆಟ್ಟಿಗೆ ಸರಿಯಾದ ದಪ್ಪ ಹೊದಿಕೆ ಹಾಕಿದ್ದರೆ, ವರ್ಷಕ್ಕೊಮ್ಮೆ ಯಾರಾದರೂ ಡ್ರೈವರುಗಳ ಕಿವಿ ಪರೀಕ್ಷೆ ಮಾಡಿದ್ದರೆ ಎಂದೆಲ್ಲ ಯೋಚಿಸಿದೆ. ನಮ್ಮ ಕರಾವಳಿಯ ಖಾಸಗಿ ಬಸ್ಸುಗಳ ವೇಗದ ಬಗ್ಗೆ, ಹಾರನ್ನಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಆ ಸೀಟಿನಲ್ಲಿ ಮೂವತ್ತು ವರ್ಷ ಕೂತವನು ಮನೆಗೆ ಏನನ್ನು ಕೊಂಡುಹೋಗುತ್ತಾನೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ನಾನೇ ಕೇಳಲಿಲ್ಲ, ಫೋನಿನಲ್ಲಿ ಸಿಟ್ಟು ಮಾಡಿದೆ.

ಬುಧವಾರದಿಂದ ಒಂದು ಬದಲಾವಣೆ ಮಾಡಿದ್ದೇನೆ. ಅಪ್ಪನ ಹತ್ತಿರ ಎದುರಿಗೆ ಕೂತು, ಸ್ವರ ತಗ್ಗಿಸಿ, ನಿಧಾನಕ್ಕೆ ಮಾತಾಡುತ್ತೇನೆ. ಕೂಗುವುದಿಲ್ಲ. ತುಟಿ ಕಾಣುವ ಹಾಗೆ ದೀಪದ ಕಡೆ ತಿರುಗಿರುತ್ತೇನೆ. ಮಿಷನ್ ಹಾಕಿಕೊಂಡು ಒಂದೊಂದು ಗಂಟೆ ಕೂರುತ್ತಾರೆ. ಅಮ್ಮನ ಪಾತ್ರೆಯ ಸದ್ದಿಗೆ ಮುಖ ಕಿವುಚುತ್ತಾರೆ, ಆದರೂ ತೆಗೆಯುವುದಿಲ್ಲ. ಅಮ್ಮನಿಗೂ ಹೇಳಿಕೊಟ್ಟಿದ್ದೇನೆ. ಅಭ್ಯಾಸ ಆಗಬೇಕಷ್ಟೆ ಅವಳಿಗೆ, ಐವತ್ತು ವರ್ಷ ಅಡುಗೆಮನೆಯಿಂದಲೇ ಕೂಗಿ ಮಾತಾಡಿದವಳು.

ಸೊಂಡಿಲು ಅಟ್ಟದಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಇಟ್ಟಿದ್ದೇನೆ. ಮಳೆ ಹಿಡಿಯುವ ಮೊದಲು ಮತ್ತೆ ಕೂರಿಸಬೇಕು. ಲಾರಿ ಹಾರಿಸುವ ನೀರು ಆ ಕಿಂಡಿಗೆ ಹೋಗುವುದು ನನಗೆ ಬೇಡ, ಭಾವ ಹೇಳಿದ ಮಾತೂ ಮನಸ್ಸಿನಲ್ಲಿದೆ. ನಿನ್ನೆ ಸಂಜೆ ಅಪ್ಪನಿಗೆ ಅದನ್ನು ಕಾಗದದಲ್ಲಿ ಬರೆದು ತೋರಿಸಿದೆ, ತಪ್ಪು ಕೇಳಿಸಬಾರದೆಂದು. ಕನ್ನಡಕ ಹಾಕಿ ಓದಿದರು. ಕಾಗದ ಮಡಚಿ ಮಿಷನ್ ಇಡುವ ಅದೇ ಜೇಬಿಗೆ ಹಾಕಿಕೊಂಡರು. ಅಂಗಳಕ್ಕೆ ಇಳಿದು ಆಕಾಶ ನೋಡಿದರು.

"ಮಳೆಗೆ ಇನ್ನೂ ಮೂರು ವಾರ ಉಂಟಲ್ಲ" ಅಂದರು. ಎಡ ಬಾಗಿಲು ತೆರೆದು ಕೂತರು.