ಕ್ಯಾಂಪಸ್ ಪಕ್ಕ ರೂಮು ಮಾಡೋದಾ, ದೂರದಿಂದ ಓಡಾಡೋದಾ?

ದೊಡ್ಡ ಊರಿನ ದುಬಾರಿ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕವರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮಂದಿರು, ನನ್ನನ್ನು ಕೇಳುವ ಪ್ರಶ್ನೆ ಇದು: ಫೀಸಿಗೇ ಇಷ್ಟೊಂದು ಹೋಗುತ್ತಿರುವಾಗ ಕ್ಯಾಂಪಸ್ ಪಕ್ಕದ ಬಾಡಿಗೆಯನ್ನೂ ಕಟ್ಟಬೇಕಾ? ಊರಾಚೆ ಅರ್ಧ ಬಾಡಿಗೆಗೆ ರೂಮು ಸಿಗುತ್ತೆ, ಬಸ್ಸು ರೈಲು ಇದ್ದೇ ಇದೆ, ಓಡಾಡಿಕೊಂಡಿದ್ದರೆ ಆಗಲ್ವಾ?

ಆಗುತ್ತೆ. ಆದರೆ ಅದರಿಂದ ನಿಜಕ್ಕೂ ಎಷ್ಟು ಉಳಿಯುತ್ತದೆ ಎಂದು ಕೂತು ಲೆಕ್ಕ ಹಾಕುವವರು ಕಡಿಮೆ. ಎರಡು ಬಾಡಿಗೆಗಳ ವ್ಯತ್ಯಾಸ ತೆಗೆದು, ಅದರಲ್ಲಿ ತಿಂಗಳ ಪಾಸಿನ ದುಡ್ಡು ಕಳೆದು, ಮಿಕ್ಕಿದ್ದೆಲ್ಲ ಲಾಭ ಅಂದುಕೊಳ್ಳುತ್ತಾರೆ. ಅಲ್ಲಿಗೇ ನಿಲ್ಲಬೇಡಿ. ಆ ಮಿಕ್ಕ ಮೊತ್ತವನ್ನು, ತಿಂಗಳಿಗೆ ನೀವು ದಾರಿಯಲ್ಲಿ ಹೆಚ್ಚುವರಿಯಾಗಿ ಕಳೆಯುವ ಗಂಟೆಗಳಿಂದ ಭಾಗಿಸಿ. ದೂರದ ರೂಮು ನಿಮಗೆ ಗಂಟೆಗೆ ಎಷ್ಟು ಕೂಲಿ ಕೊಡುತ್ತಿದೆ ಎಂಬುದು ಆಗ ಗೊತ್ತಾಗುತ್ತದೆ.

ದೂರದ ರೂಮಿಗೆ ಬೀಗ ಹಾಕಿದ ಗಳಿಗೆಯಿಂದ ಕ್ಲಾಸಿನ ಬೆಂಚಿನಲ್ಲಿ ಕೂರುವವರೆಗೆ ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಕ್ಯಾಂಪಸ್ ಪಕ್ಕದಿಂದಾದರೆ ನಡೆದು ಹೋಗಲು ಕಾಲು ಗಂಟೆ. ಹೋಗಲು ಒಂದೂವರೆ, ಬರಲು ಒಂದೂವರೆ, ದಿನಕ್ಕೆ ಮೂರು ಗಂಟೆ ಹೆಚ್ಚು. ತಿಂಗಳಿಗೆ 22 ದಿನ ಕ್ಲಾಸಿದ್ದರೆ 66 ಗಂಟೆ. ವಾರಕ್ಕೆ 40 ಗಂಟೆ ದುಡಿಯುವವರ ಲೆಕ್ಕದಲ್ಲಿ ಒಂದೂವರೆ ವಾರಕ್ಕೂ ಮೀರಿದ ದುಡಿಮೆ. ಉಳಿತಾಯವನ್ನು ಈ 66ರಿಂದ ಭಾಗಿಸಿ, ಆ ಊರಿನಲ್ಲಿ ವಿದ್ಯಾರ್ಥಿಗಳಿಗೆ ಪಾರ್ಟ್‌ಟೈಮ್ ಕೆಲಸಕ್ಕೆ ಗಂಟೆಗೆ ಸಿಗುವ ಸಂಬಳದ ಪಕ್ಕದಲ್ಲಿಟ್ಟು ನೋಡಿ. ಅದಕ್ಕಿಂತ ತೀರಾ ಕಡಿಮೆ ಬಂದರೆ, ದೂರದ ರೂಮು ಅಗ್ಗವಲ್ಲ. ಅದರ ಬಾಡಿಗೆಯ ಒಂದು ಭಾಗವನ್ನು ನೀವು ನಿಮ್ಮ ಸಮಯದಲ್ಲಿ ಕಟ್ಟುತ್ತಿದ್ದೀರಿ. (ಬೇರೆ ದೇಶದಲ್ಲಿ ಓದುವವರು ವೀಸಾದಲ್ಲಿ ಕೆಲಸದ ಗಂಟೆಗಳಿಗೆ ಇರುವ ಮಿತಿಯನ್ನೂ ಮರೆಯಬಾರದು. ಉಳಿಸಿದ ಸಮಯವನ್ನೆಲ್ಲ ದುಡಿಮೆಗೆ ಹಾಕಲು ಅವರಿಗೆ ಆಗುವುದಿಲ್ಲ.)

ಇದೇ ಲೆಕ್ಕದಲ್ಲಿ ಒಂದನ್ನು ಮಾತ್ರ ಬದಲಿಸಿ. ಕ್ಲಾಸುಗಳೆಲ್ಲ ವಾರದ ಮೂರು ದಿನಕ್ಕೆ ಬಂದು ಕೂತರೆ, ತಿಂಗಳಿಗೆ 13 ದಿನ, 39 ಗಂಟೆ. ಬಾಡಿಗೆ ಅದೇ, ದಾರಿ ಅದೇ. ಆದರೆ ಗಂಟೆಯ ಕೂಲಿ ಸುಮಾರು ಶೇ. 70ರಷ್ಟು ಏರಿತು. ಅದಕ್ಕೇ, ರೂಮು ಎಷ್ಟು ಕಿಲೋಮೀಟರ್ ದೂರ ಎಂದು ಕೇಳುವ ಮೊದಲು ನಾನು ಟೈಮ್‌ಟೇಬಲ್ ತೋರಿಸಿ ಅನ್ನುತ್ತೇನೆ. ಬೆಳಿಗ್ಗೆ ಒಂದು ಕ್ಲಾಸು, ಸಂಜೆ ಒಂದು ಲ್ಯಾಬು, ನಡುವೆ ಐದು ಗಂಟೆ ಖಾಲಿ ಇದ್ದರೆ, ಪಕ್ಕದಲ್ಲಿರುವವರು ರೂಮಿಗೆ ಹೋಗಿ ಉಂಡು ಒಂದು ನಿದ್ದೆ ತೆಗೆದು ಬರುತ್ತಾರೆ. ದೂರದವರು ಅಷ್ಟು ಹೊತ್ತೂ ಹೊರಗೇ ಇರಬೇಕು, ಹೊರಗೇ ತಿನ್ನಬೇಕು. ಆ ಊಟದ ಖರ್ಚೂ ಓಡಾಟದ ಖಾತೆಗೇ ಸೇರಬೇಕು.

ಫೋನಿನ ಮ್ಯಾಪ್ ತೋರಿಸುವ ಸಮಯವನ್ನೂ ನೆಚ್ಚಿಕೊಳ್ಳಬೇಡಿ. ಸಾಮಾನ್ಯ ದಿನ 70 ನಿಮಿಷ ಹಿಡಿಯುವ ದಾರಿ ಹತ್ತರಲ್ಲಿ ಒಂದು ದಿನ 100 ನಿಮಿಷ ಎಳೆದರೆ, ಪರೀಕ್ಷೆಯ ದಿನ ನೀವು 100 ನಿಮಿಷ ಮುಂಚೆಯೇ ಹೊರಡಬೇಕು. ಎರಡು ಕಡೆ ಬಸ್ಸು ಬದಲಿಸಬೇಕಾದರೆ ಈ ಅಂತರ ಇನ್ನೂ ಹಿಗ್ಗುತ್ತದೆ, ಒಂದು ತಪ್ಪಿದರೆ ಮುಂದಿನದ್ದೂ ತಪ್ಪುತ್ತದೆ. ಒಂದೇ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವ ಒಂದು ಗಂಟೆಯಲ್ಲಿ ಒಂದು ಪಾಠ ಓದಿ ಮುಗಿಸಬಹುದು. ಮೂರು ಬಸ್ಸು ಹತ್ತಿಳಿಯುವ ಒಂದು ಗಂಟೆಯಲ್ಲಿ ಪುಸ್ತಕ ಬ್ಯಾಗಿನಿಂದ ಹೊರಗೇ ಬರುವುದಿಲ್ಲ. ಬಾಡಿಗೆ ಕರಾರಿಗೆ ಸಹಿ ಹಾಕುವ ಮುಂಚೆ ಒಂದು ಕೆಲಸದ ದಿನ ಬೆಳಿಗ್ಗೆ, ಎಲ್ಲರೂ ಹೊರಡುವ ಹೊತ್ತಿಗೇ, ಆ ದಾರಿಯಲ್ಲಿ ಹೋಗಿ ನೋಡಿ. ರಾತ್ರಿ ಲೈಬ್ರರಿ ಮುಚ್ಚುವ ಹೊತ್ತಿಗೆ ವಾಪಸ್ ಬನ್ನಿ. ಕೊನೆಯ ಬಸ್ಸು ಲೈಬ್ರರಿಗಿಂತ ಮೊದಲೇ ನಿಲ್ಲುವ ಕಡೆ ಇದ್ದರೆ, ನಿಮ್ಮ ಓದಿನ ವೇಳೆಯನ್ನು ಬಸ್ಸೇ ತೀರ್ಮಾನಿಸುತ್ತದೆ.

ಹಾಗಂತ ಪಕ್ಕದ ರೂಮಿನ ಖರ್ಚೂ ಮೇಲೆ ಕಾಣುವಷ್ಟೇ ಅಲ್ಲ. ಕ್ಲಾಸು ನಡೆಯುವುದು ವರ್ಷಕ್ಕೆ ಒಂಬತ್ತು ತಿಂಗಳ ಆಸುಪಾಸು, ಕರಾರು ಹೆಚ್ಚಾಗಿ 12 ತಿಂಗಳದ್ದು. ರಜೆಯಲ್ಲಿ ಪಾಸು ನಿಲ್ಲಿಸಬಹುದು, ಬಾಡಿಗೆ ನಿಲ್ಲಿಸಲಾಗದು. ಆದ್ದರಿಂದ ತಿಂಗಳಿಗೆ ತಿಂಗಳು ಹೋಲಿಸದೆ ವರ್ಷಕ್ಕೆ ವರ್ಷ ಹೋಲಿಸಿ. ಮುಂಗಡ, ಕರೆಂಟು, ಇಂಟರ್ನೆಟ್ಟು, ಹಾಸಿಗೆ, ಮೇಜು ಎಲ್ಲವೂ ಸೇರಲಿ. ಜೊತೆಯಲ್ಲಿ ರೂಮು ಮಾಡುವವರು, ಒಬ್ಬರು ನಡುವೆ ಬಿಟ್ಟುಹೋದರೆ ಅವರ ಪಾಲು ಯಾರ ತಲೆಗೆ ಎಂಬುದನ್ನು ಕರಾರಿನಲ್ಲೇ ಓದಿಕೊಳ್ಳಬೇಕು.

ದೂರಕ್ಕೂ ಬಾಡಿಗೆಗೂ ಇರುವ ಈ ನಂಟನ್ನು ಅರ್ಥಶಾಸ್ತ್ರಜ್ಞರು ಬಹಳ ಹಿಂದೆಯೇ ಬಿಡಿಸಿಟ್ಟಿದ್ದಾರೆ. ನಗರದ ನಡುವಿನಿಂದ ದೂರ ಹೋದಂತೆ ನೆಲದ ಬೆಲೆ ಇಳಿಯುವುದಕ್ಕೆ ಓಡಾಟದ ಹೊರೆಯೂ ಕಾರಣ ಎಂದು ವಿಲಿಯಂ ಅಲಾನ್ಸೊ 1964ರಲ್ಲಿ ವಿವರಿಸಿದರು. ಹಾಗಿದ್ದರೆ ಅಗ್ಗದ ಬಾಡಿಗೆಯೇ ಓಡಾಟದ ಕಷ್ಟವನ್ನು ತುಂಬಿಕೊಡಬೇಕಲ್ಲ? ಬ್ರೂನೋ ಫ್ರೈ ಮತ್ತು ಅಲೋಯಿಸ್ ಸ್ಟುಟ್ಜರ್ ಜರ್ಮನಿಯ ಮಾಹಿತಿ ಇಟ್ಟುಕೊಂಡು 2008ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆ: ಹೆಚ್ಚು ದೂರ ಓಡಾಡುವವರಿಗೆ ಬದುಕಿನ ಬಗ್ಗೆ ತೃಪ್ತಿ ಕಡಿಮೆ. ಬಾಡಿಗೆ ಆ ಕೊರತೆಯನ್ನು ಪೂರ್ತಿ ತುಂಬಿಕೊಡುತ್ತಿಲ್ಲ. ದಿನನಿತ್ಯದ ಪ್ರಯಾಣದ ಭಾರವನ್ನು ಮನೆ ಹುಡುಕುವಾಗ ನಾವು ಕಡಿಮೆ ಅಂದಾಜು ಮಾಡುತ್ತೇವೆ ಎಂದೇ ನಾನು ಇದನ್ನು ಓದುತ್ತೇನೆ, ವಿದ್ಯಾರ್ಥಿಗಳ ವಿಷಯದಲ್ಲಂತೂ ಖಂಡಿತ.

ಫೀಸು ದುಬಾರಿ ಎಂಬುದೇ ಇಲ್ಲಿ ಲೆಕ್ಕವನ್ನು ತಿರುಗಿಸುತ್ತದೆ. ಅಷ್ಟು ಕೊಡುತ್ತಿರುವುದು ಪಾಠಕ್ಕೆ ಮಾತ್ರವಲ್ಲ. ಲ್ಯಾಬು, ಲೈಬ್ರರಿ, ಪ್ರೊಫೆಸರ್ ಬಿಡುವಾಗಿ ಸಿಗುವ ಸಂಜೆಯ ಅರ್ಧ ಗಂಟೆ, ಜೊತೆಯವರೊಂದಿಗೆ ಪ್ರಾಜೆಕ್ಟಿಗೆ ಕೂರುವ ರಾತ್ರಿ, ಇವೆಲ್ಲಕ್ಕೂ ಸೇರಿಸಿ ಕೊಡುತ್ತಿದ್ದೀರಿ. ಐದು ಗಂಟೆಯ ರೈಲಿಗೆ ಓಡುವವರಿಗೆ ಇದರಲ್ಲಿ ಮುಕ್ಕಾಲು ಪಾಲು ಕೈಗೆ ಸಿಗುವುದಿಲ್ಲ. ಬಾಡಿಗೆ ಫೀಸಿನ ಸಣ್ಣ ಭಾಗವಾಗಿದ್ದಷ್ಟೂ, ಅದನ್ನು ಉಳಿಸಲು ಹೋಗಿ ಫೀಸನ್ನು ಪೋಲು ಮಾಡುವ ಅಪಾಯ ಜಾಸ್ತಿ.

ಆದರೆ ಬಾಡಿಗೆಯೂ ಸಾಲದಿಂದಲೇ ಬರುತ್ತಿದ್ದರೆ ಕೈ ಬಿಗಿ ಹಿಡಿಯಲೇಬೇಕು. ಶೇ. 10ರ ಚಕ್ರಬಡ್ಡಿಯಲ್ಲಿ ಇಂದು ಬಾಡಿಗೆಗೆ ಎತ್ತಿದ ನೂರು, ಐದು ವರ್ಷ ತೀರಿಸದೆ ಬಿಟ್ಟರೆ 161 ಆಗಿರುತ್ತದೆ. ಸಾಲದಲ್ಲಿ ಓದುವವರು ಎರಡು ಬಾಡಿಗೆಗಳ ವ್ಯತ್ಯಾಸವನ್ನು ಈ ಬಡ್ಡಿ ಸೇರಿಸಿಯೇ ಭಾಗಿಸಬೇಕು. ಆಗ ದೂರದ ರೂಮಿನ ಕೂಲಿ ಏರುತ್ತದೆ, ಕೆಲವರಿಗೆ ಅದೇ ಸರಿಯಾದ ಆಯ್ಕೆಯೂ ಆಗುತ್ತದೆ.

ನನ್ನ ಉತ್ತರ ಹೀಗಿದೆ: ಹಣ ಹೊಂದಿಸಲು ಸಾಧ್ಯವಿದ್ದರೆ ಮೊದಲ ವರ್ಷ ಹತ್ತಿರವೇ ಇರಿ, ರೂಮು ಚಿಕ್ಕದಾದರೂ ಪರವಾಗಿಲ್ಲ, ಹಂಚಿಕೊಂಡರೂ ಪರವಾಗಿಲ್ಲ. ಗೆಳೆಯರು ಸಿಗುವುದು, ಯಾವ ಮೇಷ್ಟ್ರು ಹೇಗೆ ಎಂದು ತಿಳಿಯುವುದು, ಹಿಂದೆ ಬಿದ್ದ ವಿಷಯಕ್ಕೆ ನೆರವು ಕೇಳುವುದು ಎಲ್ಲ ಆ ವರ್ಷದಲ್ಲೇ ಆಗಬೇಕು. ಆಮೇಲೆ ಕ್ಲಾಸು ಕಡಿಮೆಯಾಗಿ ಥೀಸಿಸ್ಸೋ ಇಂಟರ್ನ್‌ಶಿಪ್ಪೋ ಶುರುವಾದಾಗ ದೂರ ಹೋಗಿ. ಆಗ ನಿಮಗೆ ಊರೂ ಗೊತ್ತಿರುತ್ತದೆ, ಯಾವ ರೈಲು ನಂಬಬಹುದು ಎಂಬುದೂ ಗೊತ್ತಿರುತ್ತದೆ.

ಹತ್ತಿರ ಇರಲು ಯಾವ ರೀತಿಯಲ್ಲೂ ಆಗದವರು, ಅಂಥವರು ಬಹಳ ಜನ, ಕೋರ್ಸ್ ಆಯ್ಕೆಯ ದಿನವೇ ಕ್ಲಾಸುಗಳನ್ನು ಮೂರು ದಿನಕ್ಕೆ ತರಲು ಪ್ರಯತ್ನಿಸಿ. ಮೂರೇ ದಿನವಾದರೆ ಪಾಸಿಗಿಂತ ಬಿಡಿ ಟಿಕೆಟ್ ಅಗ್ಗವೇ ನೋಡಿ. ಡಿಪಾರ್ಟ್‌ಮೆಂಟಿನಲ್ಲಿ ಲಾಕರ್ ಇದೆಯಾ ಕೇಳಿ, ದಪ್ಪ ಪುಸ್ತಕಗಳನ್ನು ದಿನಾ ಹೊರುವುದು ತಪ್ಪುತ್ತದೆ. ಪರೀಕ್ಷೆಯ ವಾರಕ್ಕೆ ಹತ್ತಿರದಲ್ಲಿರುವ ಸ್ನೇಹಿತರೊಬ್ಬರ ರೂಮಿನಲ್ಲಿ ಜಾಗ ಕೇಳಿಕೊಳ್ಳಿ, ಕೊನೆಯ ಗಳಿಗೆಯಲ್ಲಲ್ಲ, ಸೆಮಿಸ್ಟರ್ ಶುರುವಾಗುವಾಗಲೇ. ಆ ವಾರದ ದಿನಸಿ ಖರ್ಚು ನೀವೇ ಕೊಡಿ.